ರಟ್ಟಿನ ಕಂಪ್ಯೂಟರು

ಗುನ್‌ವೊರ್ ಸ್ವೀಡನ್ನಿನ ಉತ್ತರದ ಊರೊಂದರ ಪತ್ರಿಕೆಯಲ್ಲಿ ಸುದ್ದಿ, ಚಿತ್ರ ಜೋಡಿಸಿ ಪುಟ ಕಟ್ಟುವವಳು. ಹದಿಹರೆಯದಲ್ಲೇ ಸೀಸದ ಅಕ್ಷರ ಹಿಡಿದ ಕೈ, ಆಮೇಲೆ ಕತ್ತರಿ, ಗೋಂದು. ಮದುವೆ ಗಿದುವೆ ಅಂತ ತಲೆಕೆಡಿಸಿಕೊಂಡವಳಲ್ಲ. ಪಕ್ಕದ ಮೇಜಿನ ಸಿಕ್ಸ್‌ಟೆನ್ ಜೊತೆ ದಿನವಿಡೀ ಜಗಳ, ಅದೇ ಅವಳ ಸಂಸಾರ.

ಎಂಬತ್ತರ ದಶಕದಲ್ಲಿ ಕಂಪ್ಯೂಟರಿನ ಸುದ್ದಿ ಬಂದಾಗ, ಅದು ಹೇಗಿರಬೇಕೆಂದು ನಾವೂ ಕೂತು ತೀರ್ಮಾನಿಸುತ್ತೇವೆ ಎಂದು ಕಾರ್ಮಿಕ ಸಂಘ ಪಟ್ಟುಹಿಡಿಯಿತು. ರಟ್ಟಿನಲ್ಲೇ ಒಂದನ್ನು ಮಾಡಿ ತಾಲೀಮು ಶುರುಮಾಡಿದರು. ಗುನ್‌ವೊರ್ ಮುಂದೆ ಕೂತು, ಪುಟದಲ್ಲಿ ಯಾವುದು ಎಲ್ಲಿ ಬರಬೇಕೆಂದು ಹೇಳಬೇಕು. ಸಿಕ್ಸ್‌ಟೆನ್ ಹಿಂದೆ ಕೂತು, ಹೇಳಿದಂತೆ ಬರೆದು ರಟ್ಟಿನ ಸೀಳಿನಿಂದ ಹಾಳೆ ತೂರಿಸಬೇಕು.

"ಎಷ್ಟು ನಿಧಾನವೋ ನಿನ್ನ ಮಿಷನ್ನು!"

"ಕಾಫಿ ಹಾಕು, ಓಡುತ್ತೆ."

ಪುಟ ಕಟ್ಟುವ ಕೆಲಸ ಇವರಲ್ಲೇ ಉಳಿಯಬೇಕೋ, ಸಂಪಾದಕರ ಪಾಲಾಗಬೇಕೋ ಎಂಬುದು ಆಡಳಿತದ ಫೋಲ್ಕೆಯ ಮುಂದೆ ನಡೆಯುವ ತಾಲೀಮಿನಲ್ಲಿ ನಿರ್ಧಾರವಾಗಬೇಕಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಸಿಕ್ಸ್‌ಟೆನ್ ಎದೆನೋವಿನಿಂದ ತೀರಿಹೋದ.

ತಾಲೀಮಿನ ಬೆಳಿಗ್ಗೆ ಅವನ ಜಾಗಕ್ಕೆ ಗೊತ್ತುಮಾಡಿದ್ದವಳು ಹಿಮದಲ್ಲಿ ಸಿಕ್ಕಿಕೊಂಡಿದ್ದಳು. ಫೋಲ್ಕೆ ಗಡಿಯಾರ ನೋಡಿದ. ಗುನ್‌ವೊರ್ ಅಭ್ಯಾಸಬಲದಿಂದ "ತಲೆಬರಹ ಎಡಕ್ಕೆ" ಎಂದುಬಿಟ್ಟಳು.

ಹಾಳೆ ಬಂತು.

ಮೇಜಿನಡಿ ಬಗ್ಗಿ ನೋಡಿದಳು. ಆಚೆ ಬದಿಯಲ್ಲಿ ಕಾಲುಗಳೇ ಇರಲಿಲ್ಲ, ಬರೀ ನೆಲ. ನೇರವಾಗಿ ಕೂತು "ಚಿತ್ರ ಕೆಳಕ್ಕೆ" ಎಂದಳು. ಅದೂ ಬಂತು, ಆ ಓರೆ ಗೆರೆ ಅವನದೇ. ಅವಳಿಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಆಮೇಲೆ ಅವಳು ಬಾಯಿ ತೆರೆಯುವ ಮೊದಲೇ ಹಾಳೆ ಬರತೊಡಗಿತು. ಒಂದು, ಇನ್ನೊಂದು, ಕೊನೆಗೆ ಪೂರ್ತಿ ಪುಟ. ಅವಳ ಮನಸ್ಸಿನಲ್ಲಿದ್ದಂತೆಯೇ.

ಹಿಂದೆ ಯಾರೋ ಇದ್ದಾರೆಂದೇ ತಿಳಿದಿದ್ದ ಫೋಲ್ಕೆ ನಕ್ಕ. "ಭೇಷ್! ಹೇಳೋದೇ ಬೇಡ ಅಂದ್ರೆ, ಈ ಕುರ್ಚೀಲಿ ನೀನ್ಯಾಕೆ ಕೂರ್ಬೇಕು, ಗುನ್‌ವೊರ್?"

ಅವಳಿಗೆ ಆಗ ಅರ್ಥವಾಯಿತು. ಸಹಾಯ ಮಾಡಲು ಬಂದ ಸಿಕ್ಸ್‌ಟೆನ್ ಎಲ್ಲರ ಅನ್ನಕ್ಕೇ ಕಲ್ಲು ಹಾಕುತ್ತಿದ್ದ. ಎದ್ದು ಸೀಳಿನ ಮೇಲೆ ಅಂಗೈ ಒತ್ತಿದಳು. ಒಳಗಿನಿಂದ ಹಾಳೆ ನೂಕಿತು. ಮತ್ತೆ ನೂಕಿತು, ಅದೇ ಹಳೆಯ ಹಟ.

"ಸಾಕು ಕಣೋ," ಎಂದಳು ಮೆಲ್ಲಗೆ. "ನಾನು ಹೇಳೋವರೆಗೂ ಬೇಡ."

ನೂಕುವುದು ನಿಂತಿತು. ಅವಳು ಫೋಲ್ಕೆಯ ಕಡೆ ತಿರುಗಿದಳು. "ಕೂತೋರು ಹೇಳದೆ ಮಿಷನ್ನು ಏನೂ ಮಾಡ್ಬಾರ್ದು. ಒಪ್ಪಂದದಲ್ಲಿ ಮೊದಲು ಇದನ್ನ ಬರಿ."

ನಿಂತ ಮಿಷನ್ನನ್ನು ನೋಡಿ ಫೋಲ್ಕೆ ಒಪ್ಪಿ ಬರೆದುಕೊಂಡ. ಹೊರಗೆ ಕಾದಿದ್ದ ಸಂಘದವರೆಲ್ಲ ಅವಳನ್ನು ಕೊಂಡಾಡಿದರು, ಕೆಲಸ ಉಳಿಯಿತು. ಎಲ್ಲರೂ ಹೋದ ಮೇಲೆ ಗುನ್‌ವೊರ್ ಮತ್ತೆ ಆ ರಟ್ಟಿನ ಮುಂದೆ ಕೂತಳು.

"ಈಗ ಹೇಳ್ತಿದೀನಿ ನೋಡು," ಎಂದಳು. "ತಲೆಬರಹ ಎಡಕ್ಕೆ."

ಸಂಜೆವರೆಗೂ ಹೇಳುತ್ತಲೇ ಇದ್ದಳು. ಏನೂ ಬರಲಿಲ್ಲ.