ಮೈಗೆ ಹತ್ತದ ಬಟಾಟೆ

ಕಳೆದ ಸೋಮವಾರ ಉಲ್ಹಾಸನಗರದಾಚೆ ಒಂದು ಹಂದಿಗೂಡಿನ ಮುಂದೆ ನಿಂತು ಪಶುವೈದ್ಯರಿಂದ ಚೆನ್ನಾಗಿ ಬೈಸಿಕೊಂಡೆ. ಮರಾಠಿಯಲ್ಲಿ ಬೈದರು. ಒಂದಕ್ಷರವೂ ಬಿಡದೆ ಅರ್ಥವಾಯಿತು. (ಇಷ್ಟು ವರ್ಷ ಡೊಂಬಿವಲಿಯಲ್ಲಿ ಇದ್ದದ್ದಕ್ಕೆ ಅಷ್ಟಾದರೂ ಲಾಭ ಬೇಡವೆ?)

ಶುದ್ಧ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯವನಿಗೆ ಹಂದಿಗೂಡಿನಲ್ಲಿ ಏನು ಕೆಲಸ ಎಂದು ಮೂಗು ಮುರಿಯಬೇಡಿ. ಹೇಳುತ್ತೇನೆ. ತಪ್ಪು ನನ್ನದೇ.

ಆ ಗೂಡು ದುರ್ಗವ್ವನದು. ವಿಜಯಪುರದ ಕಡೆಯ ಹೆಂಗಸು. ಹಂದಿ ಸಾಕಿಯೇ ಬದುಕುತ್ತಾಳೆ. ನಮ್ಮ ಹೋಟೆಲಿನಲ್ಲಿ ಮಿಕ್ಕ ಅನ್ನ, ಇಡ್ಲಿ, ಸಾಂಬಾರು, ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟದ್ದು ಎಲ್ಲವೂ ಒಂಬತ್ತು ವರ್ಷಗಳಿಂದ ಅವಳ ನೀಲಿ ಡ್ರಮ್ಮುಗಳಿಗೆ. ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಟೆಂಪೋದಲ್ಲಿ ಬರುತ್ತಾಳೆ. ಖಾಲಿ ಡ್ರಮ್ಮು ಇಳಿಯುತ್ತದೆ, ತುಂಬಿದ್ದು ಏರುತ್ತದೆ. ಹೊರಡುವಾಗ ಅವಳು ಬರುತ್ತೇನೆ ಎನ್ನುತ್ತಾಳೆ, ನಾನು ಕ್ಯಾಶ್ ಕೌಂಟರಿನಿಂದಲೇ ತಲೆಯಾಡಿಸುತ್ತೇನೆ. ನಮ್ಮ ಒಡನಾಟ ಅಷ್ಟೇ.

ಈ ವರ್ಷ ಅಮ್ಮನ ತಿಥಿಯ ದಿನ ನನ್ನ ತಲೆಗೊಂದು ಹುಳ ಹೊಕ್ಕಿತು. ನಮ್ಮ ಮನೆಯಲ್ಲಿ ದನಕ್ಕೆ ಎಂಜಲು ಹಾಕುವ ಪದ್ಧತಿ ಇರಲಿಲ್ಲ. ಚಿಕ್ಕಂದಿನಲ್ಲಿ ಉಂಡ ಎಲೆಯನ್ನು ಕರುವಿನ ಮುಂದಿಟ್ಟಿದ್ದಕ್ಕೆ ಅಮ್ಮ ನನ್ನ ಕಿವಿ ಹಿಂಡಿದ್ದಳು. ದನಕ್ಕೆ ಸಲ್ಲದ್ದು ಹಂದಿಗೆ ಹೇಗೆ ಸಲ್ಲುತ್ತದೆ? ಅದೂ ಒಂದು ಜೀವ ಅಲ್ಲವೆ? ಒಂಬತ್ತು ವರ್ಷ ಎಂಜಲು ಕೊಟ್ಟೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಮರುದಿನದಿಂದಲೇ ಮಿಕ್ಕಿದ್ದೆಲ್ಲ ಪಾಲಿಕೆಯ ಕಸದ ಗಾಡಿಗೆ ಹೋಯಿತು. ಮಸಾಲೆದೋಸೆಗೆಂದು ತುರ್ಭೆಯ ಮಾರ್ಕೆಟ್ಟಿನಿಂದ ಬಟಾಟೆ ಬರುತ್ತದಲ್ಲ, ಅದರ ಜೊತೆ ಸಣ್ಣ ಗಾತ್ರದ್ದು ಬೇರೆಯಾಗಿ ತರಿಸಿದೆ. ಮಣ್ಣು ಹೋಗುವಂತೆ ತೊಳೆಸಿ ಡ್ರಮ್ಮಿಗೆ ತುಂಬಿಸಿದೆ. ಹಸಿಯದ್ದೇ. ಎಂಜಲಿಲ್ಲ, ಮುಸುರೆಯಿಲ್ಲ, ಇನ್ನೇನು ಬೇಕು?

ಅಮ್ಮನ ಹೆಸರಿನಲ್ಲಿ ಕೊಡುತ್ತಿದ್ದೇನೆ, ಇನ್ನು ಮೇಲೆ ಎಂಜಲು ಇಲ್ಲ ಎಂದು ದುರ್ಗವ್ವನಿಗೆ ಹೇಳಿದೆ. ಅವಳು ಡ್ರಮ್ಮು ನೋಡಿದಳು, ನನ್ನ ಮುಖ ನೋಡಿದಳು, ಆಗಲಿ ಎಂದಳು. ಅದನ್ನು ನಾನು ಕೃತಜ್ಞತೆ ಎಂದೇ ತಿಳಿದೆ.

ಒಂದೂವರೆ ತಿಂಗಳು ಹಾಗೇ ಕಳೆಯಿತು. ಆಮೇಲೆ ಎರಡು ದಿನ ಅವಳು ಬರಲಿಲ್ಲ. ಮರಿಗಳಿಗೆ ಹುಷಾರಿಲ್ಲ ಎಂದು ಟೆಂಪೋದವನು ಸುದ್ದಿ ತಂದ. ನೋಡಿ ಬರೋಣ ಎಂದು ಅವನ ಜೊತೆಗೇ ಹೊರಟೆ. ಬರಿಗೈಯಲ್ಲಿ ಹೋಗಬಾರದಲ್ಲ? ಒಂದು ಮೂಟೆ ಬಟಾಟೆ ಹಾಕಿಕೊಂಡೆ.

ಹನ್ನೊಂದು ಮರಿಗಳಲ್ಲಿ ಎರಡು ಆಗಲೇ ಸತ್ತಿದ್ದವು. ಉಳಿದವುಗಳ ಹೊಟ್ಟೆ ಉಬ್ಬಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಕೂತು ಪರೀಕ್ಷೆ ಮಾಡುತ್ತಿದ್ದ ಡಾಕ್ಟರು ನನ್ನ ಮೂಟೆಯನ್ನು ನೋಡಿದರು. ಆ ಮಹಾನುಭಾವ ನೀವೇನಾ ಎಂದು ಕೇಳಿದರು.

ಆಮೇಲೆ ಪಾಠ ಶುರುವಾಯಿತು. ಹಸಿ ಬಟಾಟೆಯ ಪಿಷ್ಟ ಹಂದಿಯ ಸಣ್ಣ ಕರುಳಿನಲ್ಲಿ ಸುಲಭಕ್ಕೆ ಜೀರ್ಣವಾಗುವುದಿಲ್ಲವಂತೆ. ಹಾಗೇ ಕೆಳಗಿಳಿದು ದೊಡ್ಡ ಕರುಳಿನಲ್ಲಿ ಹುಳಿತು ಗ್ಯಾಸ್ ಆಗುತ್ತದಂತೆ. ಭೇದಿ ಹತ್ತಿದರೆ ಬೇರೆ ತಿಂದದ್ದರ ಸತ್ವವೂ ಮೈಗೆ ಸೇರುವುದಿಲ್ಲವಂತೆ. ಅದೇ ಬೆಂದ ಅನ್ನವೋ ಬೆಂದ ಬಟಾಟೆಯೋ ಆದರೆ ಪಿಷ್ಟ ಕರಗಿ ರಕ್ತಕ್ಕೆ ಸೇರುತ್ತದೆ. ಈಗಷ್ಟೇ ಹಾಲು ಬಿಟ್ಟ ಮರಿಗಳಿಗಂತೂ ಹಸಿಯದ್ದು ತಡೆಯುವುದೇ ಇಲ್ಲ. ನಿಮ್ಮ ದೋಸೆಯೊಳಗೆ ಹಸಿ ಬಟಾಟೆ ಇಟ್ಟು ಕೊಡುತ್ತೀರಾ ಎಂದು ಕೇಳಿದರು.

ನನ್ನ ಪರವಾಗಿ ಮಾತಾಡಿದ್ದು ದುರ್ಗವ್ವ. ಪಾಪ ಅವರಿಗೇನು ಗೊತ್ತು, ಬೈಯಬೇಡಿ ಎಂದು ಡಾಕ್ಟರರಿಗೆ ಸಮಾಧಾನ ಹೇಳಿದಳು. ಸತ್ತದ್ದು ಅವಳ ಮರಿ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗೂಡಿನ ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೊಂದು ದೊಡ್ಡ ಪಾತ್ರೆ, ಪಕ್ಕದಲ್ಲಿ ಒಡೆದ ಹಣ್ಣಿನ ಪೆಟ್ಟಿಗೆಗಳ ಹಲಗೆ. ನಾನು ಕೊಟ್ಟ ಬಟಾಟೆಯನ್ನು ಅವಳು ದಿನವೂ ಆದಷ್ಟು ಬೇಯಿಸುತ್ತಿದ್ದಳು. ಸೌದೆ ಸಾಲದೆ ಉಳಿದದ್ದನ್ನು ಹಾಗೇ ಹಾಕುತ್ತಿದ್ದಳು.

"ಹಾಗಾದ್ರೆ ನಿಮಗೆ ಗೊತ್ತಿತ್ತಾ?" ಎಂದೆ.

"ಮೊದಲ್ನೇ ವಾರದಾಗ ಗೊತ್ತಾತ್ರಿ ಅಣ್ಣಾರ. ತಿಂತಾವ್ರಿ, ಮೈಗೆ ಹತ್ತಂಗಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೀವು ಅವ್ವನ ಹೆಸರ್ಲೆ ಕೊಡಾಕತ್ತಿದ್ರಿ. ಬ್ಯಾಡ ಅಂದ್ರ ಇದೂ ಬಂದ್ ಆದೀತು ಅಂತ ಅಂಜಿಕಿ ಆತ್ರಿ."

ಈಗ ಡ್ರಮ್ಮಿಗೆ ಮತ್ತೆ ಅನ್ನ, ಇಡ್ಲಿ, ಸಾಂಬಾರು ಬೀಳುತ್ತಿದೆ. ಸಣ್ಣ ಬಟಾಟೆಯನ್ನೂ ನಮ್ಮ ಅಡುಗೆಮನೆಯಲ್ಲೇ ಬೇಯಿಸಿ ಕೊಡುತ್ತೇವೆ. ಎಂಟು ಮರಿಗಳು ಚೇತರಿಸಿಕೊಂಡಿವೆ, ಇನ್ನೊಂದರದು ನಾಳೆ ನಾಡಿದ್ದರಲ್ಲಿ ಗೊತ್ತಾಗಬೇಕು ಎಂದು ದುರ್ಗವ್ವ ನಿನ್ನೆ ಹೇಳಿದಳು. ಅಮ್ಮ ಇದ್ದಿದ್ದರೆ ಎಂಜಲಿನ ವಿಷಯಕ್ಕೆ ಕಿವಿ ಹಿಂಡುತ್ತಿದ್ದಳೋ, ಆ ಎರಡು ಮರಿಗಳ ವಿಷಯಕ್ಕೋ ಎಂದು ಯೋಚಿಸುತ್ತಿರುತ್ತೇನೆ.

ಹೋಟೆಲಿಗೆ ಬಂದ ಪ್ರತಿ ಗಿರಾಕಿಗೂ ‘ಇನ್ನೇನು ಕೊಡಲಿ’ ಎಂದು ಮೂವತ್ತು ವರ್ಷದಿಂದ ಕೇಳುತ್ತ ಬಂದ ನಾನು, ದುರ್ಗವ್ವನನ್ನು ಒಂದೇ ಒಂದು ಸಲ ಹಾಗೆ ಕೇಳಿದ್ದಿದ್ದರೆ?