ರಾಕೇಲ್ ಅಲ್ಲ, ರಾಕೆಟ್

ರಂಭಾಬಾಯಿಯ ಸಿಟ್ಟು ಬಾರದ ಮಳೆಯ ಮೇಲಲ್ಲ, ಸರಕಾರದ ಕಿವಿಯ ಮೇಲೆ.

ಗಡಿಯಾಚೆ ಲಾತೂರು ಜಿಲ್ಲೆಯಲ್ಲಿ, ಔರಾದ ಶಹಾಜನಿಯಿಂದ ಉದಗೀರದ ಕಡೆ ಹೋಗುವ ದಾರಿಯಲ್ಲಿ ಅವಳ ಹೊಲ. ಬದುವಿಗೆ ಹತ್ತಿ ನಿಜಾಮನ ಫೌಜಿನ ಹಳೆ ಕಲ್ಲಿನ ಬರಾಕು. ಎಪ್ಪತ್ತೆರಡರ ಬರದಲ್ಲಿ ಪುಣೆಯ ಕಡೆಯ ನಾಲ್ಕು ಜನ ವಿಜ್ಞಾನಿಗಳು ಅಲ್ಲಿ ಬಿಡಾರ ಹೂಡಿ, ಸಣ್ಣ ರಾಕೆಟ್ಟುಗಳ ಹೊಟ್ಟೆಗೆ ಉಪ್ಪಿನ ಪುಡಿ ತುಂಬಿ, ಮಳೆ ಬರಿಸಲು ಮೋಡಕ್ಕೆ ಹಾರಿಸಿ ನೋಡಿದರು. ಹೊಸ ಸೊಸೆ ರಂಭಾಬಾಯಿ ಅವರಿಗೆ ರೊಟ್ಟಿ ಬಡಿದುಕೊಟ್ಟಳು. ಮಳೆ ಬರಲಿಲ್ಲ. ಒಂದು ರಾಕೆಟ್ಟು ಅಡ್ಡ ಹೋಗಿ ಅವಳ ಮಾವನ ಕಣಿಕೆ ಬಣವೆ ಸುಟ್ಟಿತು. ಬಂದವರು ಹೋದರು. ಗೋಡೆಯ ಮೇಲೆ ಸುಟ್ಟ ಕಲೆ ಉಳಿಯಿತು.

ನಾಲ್ಕು ದಶಕದ ಮೇಲೆ, ಲಾತೂರಿಗೆ ರೈಲಿನಲ್ಲಿ ನೀರು ತಂದ ಬರದ ವರ್ಷ, ಪಂಚಾಯಿತಿಯ ಮಲ್ಲಣ್ಣ ಆ ಬರಾಕು ಕೆಡವಲು ಹೊರಟ.

“ನಾಲಾ ಕಟ್ಟಾಕ ಕಲ್ಲು ಬೇಕಲ್ಲ ಅತ್ತಿ.”

“ಗುಡ್ಡದಾಗ ಕಲ್ಲು ತೀರ್‍ಯಾವೇನೋ? ಅವರು ಸೋತಾರ ಖರೆ, ಆದ್ರ ಇಲ್ಲಿತನಕ ಬಂದು ಮಾಡಿ ನೋಡ್ಯಾರ. ನೀ ಏನ್ ಮಾಡೀದಿ? ಟ್ಯಾಂಕರ್ ಮುಂದ ನಿಂತು ಫೋಟೋ ತಗಸೀದಿ!”

ನಾವು ಊರಿನ ರೈತ ಸಂಘಟನೆಯವರು ಅವಳ ಪರವಾಗಿ ಪುರಾತತ್ವ ಇಲಾಖೆಯವರನ್ನು ಕೇಳಿದೆವು. ಕೋಟೆಯಲ್ಲ, ಗುಡಿಯಲ್ಲ, ನಮಗೆ ಸಂಬಂಧವಿಲ್ಲ ಅಂದರು. ಕೊನೆಗೆ ಅವಳೇ ತಾಲೂಕಿನ ಕಚೇರಿಗೆ ಹೋಗಿ, ರಾಕೆಟ್ಟಿನ ಕಟ್ಟಡ ಉಳಿಸಿರೆಂದು ಮರಾಠಿಯಲ್ಲಿ ಕೂಗಿ ಹೇಳಿದಳು. ಗುಮಾಸ್ತ ರಾಕೇಲ್ ಎಂದು ಬರೆದುಕೊಂಡ. ಮರಾಠಿಯಲ್ಲಿ ರಾಕೇಲ್ ಅಂದರೆ ಸೀಮೆಎಣ್ಣೆ!

ವಾರದೊಳಗೆ ಪಡಿತರದ ಇನ್ಸ್‌ಪೆಕ್ಟರ್ ವೈಜನಾಥ ಜೀಪಿನಲ್ಲಿ ಬಂದಿಳಿದ. “ಬಾಯಿ, ರಾಕೇಲ್ ಎಲ್ಲಿ ಮುಚ್ಚಿಟ್ಟೀರಿ?”

“ರಾಕೇಲ್ ಅಲ್ರೀ ಸಾಹೇಬ, ರಾಕೆಟ್! ಮ್ಯಾಲ ಹಾರೂದು!”

“ಕಡ್ಡಿ ಗೀರಿದ್ರ ರಾಕೇಲೂ ಹಾರಿಸ್ತದ.”

ಸುಟ್ಟ ಗೋಡೆ ಮೂಸಿ ನೋಡಿ, ತನಿಖೆ ಆಗುವತನಕ ಯಾರೂ ಮುಟ್ಟಬಾರದೆಂದು ಬಾಗಿಲಿಗೆ ಬೀಗ ಜಡಿದು ಅರಗಿನ ಸೀಲು ಹಾಕಿ ಹೋದ. ರಂಭಾಬಾಯಿ ಹಣೆ ಹಣೆ ಬಡಿದುಕೊಂಡಳು.

ಮರುದಿನ ಮಲ್ಲಣ್ಣ ಜೆಸಿಬಿ ತಂದ. ಡ್ರೈವರ್ ಸೀಲು ನೋಡಿ ಕೆಳಗೇ ಇಳಿಯಲಿಲ್ಲ. “ಸರಕಾರಿ ಮಾಲ್ ಐತಣ್ಣ, ನಾ ಮುಟ್ಟಂಗಿಲ್ಲ.” ಯಂತ್ರ ವಾಪಸು ಹೋಯಿತು. ನಾವು ನಕ್ಕೆವು.

“ಹಲ್ಲು ಕಿಸೀಬ್ಯಾಡ್ರಿ,” ಎಂದಳು. “ನಾಳೆ ಇದಕ್ಕ ರಾಕೇಲ್ ಖೋಲಿ ಅಂತ ಬೋರ್ಡ್ ಹಚ್ತಾರ. ಅಂಥಾ ಹೆಸರು ಹೊತ್ತು ನಿಂತ್ರೆಷ್ಟು, ಬಿದ್ರೆಷ್ಟು?” ಹೆಸರು ತಿದ್ದಿಸಲು ಮತ್ತೆ ಮತ್ತೆ ಕಚೇರಿಗೆ ಅಲೆದಳು.

ಅಲೆದದ್ದು ಫಲಿಸಿತು, ಅದೇ ಕೇಡಾಯಿತು. ಸೀಲು ತೆಗೆಯಲು ವೈಜನಾಥ ಬಂದ. “ತಪ್ಪಾಗೇದ ಬಾಯಿ. ಒಳಗ ಒಂದ ಹನೀನೂ ರಾಕೇಲ್ ಇಲ್ಲ.” ಅವನ ಬೆನ್ನಿಗೇ ನಿಂತ ಮಲ್ಲಣ್ಣ ಫೋನಿನಲ್ಲಿ ಜೆಸಿಬಿ ಕರೆಯುತ್ತಿದ್ದ.

ರಂಭಾಬಾಯಿ ಇಬ್ಬರನ್ನೂ ನೋಡಿದಳು. ಸೆರಗು ಸಿಗಿಸಿದಳು.

“ಯಾರಂದ್ರು ಇಲ್ಲಂತ? ಐತಿ. ನಾನ ಹುಗದೀನಿ. ಬರ್ಕೋರಿ ನನ್ನ ಹೆಸರು.”

“ಎಲ್ಲಿ ಹುಗದೀರಿ?”

“ನೆಂಪಿಲ್ಲರಿ, ವಯಸ್ಸಾಗೇದ. ಸಾವಕಾಶ ತಲಾಶ್ ಮಾಡ್ರಿ. ಗ್ವಾಡಿ ಮಾತ್ರ ಕೆಡವಬ್ಯಾಡ್ರಿ, ಪುರಾವೆ ಹೋಗ್ತದ!”

ಕೇಸು ಇನ್ನೂ ನಡೆದಿದೆ, ಬರಾಕಿನ ಸೀಲೂ ಹಾಗೇ ಇದೆ. ಪ್ರತಿ ತಾರೀಖಿಗೂ ಅವಳು ಎಲ್ಲರನ್ನೂ ಬಯ್ಯುತ್ತಲೇ ಬಸ್ಸು ಹತ್ತುತ್ತಾಳೆ. ಏನೂ ಹುಗಿದಿಲ್ಲ ಅಂದುಬಿಡಿ, ಬಿಡುಗಡೆಯಾಗುತ್ತದೆ ಎನ್ನುತ್ತಾನೆ ವಕೀಲ.

“ನೀ ಸುಮ್ಮ ಕೂಡಪಾ,” ಅನ್ನುತ್ತಾಳೆ. “ಮುಂದಿನ ತಾರೀಖು ಕೇಳು.”