ಕುಲ್ಸುಮ್ ಬೀ ಕಾರಿನ ತಂತಿಗೆ ದಾರ ಸುತ್ತಿದ್ದು

ಹಟಮಾರಿಗಳೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಹಾಗಾಗಿ ಈ ಸಂಗತಿಯಲ್ಲಿ ನಾನು ಕುಲ್ಸುಮ್ ಬೀಯ ಪಕ್ಷ. ತಪ್ಪು ಅವಳದೇ ಆಗಿದ್ದರೂ ಅವಳ ಪಕ್ಷ.

ಬಸವಕಲ್ಯಾಣವನ್ನು ಜನ ಇನ್ನೂ ಕಲ್ಯಾಣಿ ಎನ್ನುತ್ತಿದ್ದ ಕಾಲ. ಕುಲ್ಸುಮ್ ಬೀ ನಮ್ಮ ಓಣಿಯ ಪಟವೇಗಾರ್ತಿ. ಶಿವದಾರ ಹೆಣೆಯುವುದು, ಕರಿಮಣಿ ಪೋಣಿಸುವುದು, ತೊಟ್ಟಿಲಿಗೆ ರೇಷ್ಮೆಯ ಗೊಂಡೆ ಕಟ್ಟುವುದು ಅವಳ ಕಸುಬು. ಅವಳ ಕೈಯಿಂದ ಯಾವ ದಾರ ಹೊರಬಿದ್ದರೂ ತುದಿಗೆ ನಾಲ್ಕು ಸುತ್ತು ಬೆಳ್ಳಿಜರಿ ಇರಲೇಬೇಕು. ಯಾರಾದರೂ ಬೇಡ ಎಂದರೆ, "ಹಂಗಿದ್ರ ಬ್ಯಾರೆ ಕಡಿ ಹೋಗ್ರಿ" ಎಂದು ದಾರವನ್ನೇ ಕಿತ್ತುಕೊಳ್ಳುತ್ತಿದ್ದಳಂತೆ. ಇದನ್ನೆಲ್ಲ ಹೇಳಿದ್ದು ಪಕ್ಕದ ಮನೆಯಲ್ಲಿದ್ದ ನನ್ನ ತಾಯಿ ದ್ರೌಪತಿ. ಸುಳ್ಳು ಹೇಳುವವಳಲ್ಲ, ಸ್ವಲ್ಪ ಉಪ್ಪುಖಾರ ಹಚ್ಚುವವಳು.

ಕುಲ್ಸುಮ್ ಬೀಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದವನು ತಮ್ಮ ವಜೀರ ಒಬ್ಬನೇ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದೂ ಅವಳೇ. ಅವನು ಗುಂಡಪ್ಪ ಸಾವ್ಕಾರರ ಹಳೇ ಕಾರಿನ ಡ್ರೈವರ್, ಕಲ್ಯಾಣಿಯಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಕಲ್ಯಾಣಿಗೆ. ಕಾರಿಗೆ ಆಗಲೇ ಹದಿನೆಂಟು ವರ್ಷ. ೧೯೪೩ರಲ್ಲಿ ಒಂದು ದಿನ ಹುಮನಾಬಾದಿನ ದಾರಿಯಲ್ಲಿ ಅದರ ಮೂತಿಯಿಂದ ಹೊಗೆ ಬಂತು. ತಂತಿಗಳ ಮೇಲಿನ ರಬ್ಬರು ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಯುದ್ಧದ ಕಾಲ, ಹೊಸ ತಂತಿ ಸೋಲಾಪುರದಲ್ಲೂ ಇಲ್ಲ, ಹೈದರಾಬಾದಿನಲ್ಲೂ ಇಲ್ಲ.

ಗುಂಡಪ್ಪ ಸಾವ್ಕಾರರು ಒಳ್ಳೆಯವರೇ, ತಾಳ್ಮೆಯೊಂದು ಇರಲಿಲ್ಲ. "ಶುಕ್ರವಾರ ತನಕ ನೋಡ್ತೀನಿ, ವಜೀರ. ಆಗಲಿಲ್ಲಂದ್ರ ಇದನ್ನ ಗುಜರಿಗೆ ಹಾಕಿ ಟಾಂಗಾ ಇಡ್ತೀನಿ. ನೀ ಬ್ಯಾರೆ ಕೆಲಸ ನೋಡ್ಕೋ" ಎಂದರು.

ವಜೀರನಿಗೆ ಗಾಡಿ ಓಡಿಸುವುದು ಬಿಟ್ಟರೆ ಬೇರೇನೂ ಬಾರದು. ಕುದುರೆ ಕಂಡರಂತೂ ಅವನು ಗೋಡೆ ಹತ್ತುತ್ತಿದ್ದ. ಅವತ್ತು ರೊಟ್ಟಿ ಮುಟ್ಟದೆ ಕೂತ ತಮ್ಮನ ಕೈಯಿಂದ ಕುಲ್ಸುಮ್ ಬೀ ಸುಟ್ಟ ತಂತಿಯ ತುಂಡನ್ನು ಇಸಕೊಂಡು ಉಗುರಿನಿಂದ ಕೆರೆದಳು.

"ಒಳಗಿನ ತಾಮ್ರ ಗಟ್ಟಿ ಅದ. ಮ್ಯಾಲಿನ ಅಂಗಿ ಅಷ್ಟೇ ಹರಿದದ. ಅಂಗಿ ನಾ ಹೊಲೀತೀನಿ."

"ಆಪಾ, ಇದು ಕರೆಂಟಿನ ಕೆಲಸ."

"ಇದು ದಾರ ಸುತ್ತೂ ಕೆಲಸ. ಏಳು, ರೊಟ್ಟಿ ತಿನ್ನು."

ನಾಲ್ಕು ದಿನ ಅಂಗಡಿಯಲ್ಲಿ ಮಣಿ ಪೋಣಿಸುವ ಕೆಲಸ ಬಂದ್. ವಜೀರ ಒಂದೊಂದೇ ತಂತಿ ಬಿಚ್ಚಿ ತರುವನು. ಅವಳು ಹಳೇ ರಬ್ಬರು ಕೆರೆದು, ತಂತಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ರೇಷ್ಮೆಯನ್ನು ಒತ್ತೊತ್ತಾಗಿ ಸುತ್ತುವಳು. ಅದರ ಮೇಲೆ ಬಡಗಿಗಳು ಕಟ್ಟಿಗೆಗೆ ಹಚ್ಚುವ ಅರಗಿನ ಪಾಲಿಶ್. ಒಣಗಿದ ಮೇಲೆ ಮತ್ತೊಂದು ಸುತ್ತು. ದೀಪಕ್ಕೆ ಹಳದಿ, ಬ್ಯಾಟರಿಗೆ ಹಸಿರು, ಹಾರ್ನಿಗೆ ಕೆಂಪು. ಒಂದು ಅದರ ಜಾಗಕ್ಕೆ ಹೋಗಿ ಕೂತ ಮೇಲೇ ಇನ್ನೊಂದನ್ನು ಬಿಚ್ಚುವುದು. ಇಂಜಿನ್ನಿಗೆ ಕಿಡಿ ಒಯ್ಯುವ ನಾಲ್ಕು ದಪ್ಪ ತಂತಿಗಳು ಚೆನ್ನಾಗಿಯೇ ಇದ್ದವು, ಅವನ್ನು ವಜೀರ ಮುಟ್ಟಗೊಡಲಿಲ್ಲ. ಅದಕ್ಕೂ ಒಂದು ಜಗಳ ಆಯಿತು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದ ವಜೀರ, ಸಾವ್ಕಾರರ ಎದುರಿಗೆ ಬ್ಯಾಟರಿಗೆ ತಂತಿ ಸಿಕ್ಕಿಸಿದ. ಯಾರೂ ಮುಟ್ಟದೆಯೇ ಹಾರ್ನು ಬಾಯಿ ತೆಗೆಯಿತು. ತೆಗೆದದ್ದು ಮುಚ್ಚಲೇ ಇಲ್ಲ. ಎಮ್ಮೆಗಳು ಹಗ್ಗ ಹರಿದುಕೊಂಡವು, ನನ್ನ ತಾಯಿಯ ಕೈಯಲ್ಲಿದ್ದ ಕೊಡ ಬಿತ್ತು. ವಜೀರ ತಂತಿ ಕಿತ್ತರೆ ಮೌನ, ಸಿಕ್ಕಿಸಿದರೆ ಮತ್ತೆ ಅದೇ ಕೂಗು.

"ಸಾಕು ಮಾಡ್ರಿ ಇನ್ನ!" ಎಂದು ಸಾವ್ಕಾರರು ಕಿವಿ ಮುಚ್ಚಿಕೊಂಡರು.

"ಒಂದು ಗಳಗಿ ತಡೀರಿ, ಸಾವ್ಕಾರ್ರ" ಎಂದು ಕುಲ್ಸುಮ್ ಬೀ ಸೆರಗು ಸಿಕ್ಕಿಸಿ ಬಗ್ಗಿದಳು. "ವಜೀರ, ಹಾರ್ನಿನ ಗುಂಡಿ ಒತ್ತಿದ್ರ ಒಳಗ ಏನಾಗ್ತದ?"

"ತಂತಿ ಕಬ್ಬಿಣಕ್ಕ ತಾಗ್ತದ, ಆಪಾ. ತಾಗಿದ್ರ ಕೂಗ್ತದ."

ಅವಳು ಕೆಂಪು ತಂತಿಯ ತುದಿ ನೋಡಿದಳು. ನಾಲ್ಕು ಸುತ್ತು ಬೆಳ್ಳಿಜರಿ ಫಳಫಳ ಹೊಳೆಯುತ್ತ ಒಂದು ಕಡೆ ತಾಮ್ರಕ್ಕೆ, ಇನ್ನೊಂದು ಕಡೆ ಕಬ್ಬಿಣಕ್ಕೆ ಆತುಕೊಂಡಿತ್ತು. ಒಂದಲ್ಲ, ಅಷ್ಟೂ ತಂತಿಗಳ ತುದಿಗೆ ಜರಿ ಸುತ್ತಿದ್ದಳು ಪುಣ್ಯಾತ್ಗಿತ್ತಿ! ಉಳಿದವು ಕಬ್ಬಿಣಕ್ಕೆ ತಾಗಿರಲಿಲ್ಲ, ಅಷ್ಟೇ. ರೇಷ್ಮೆ ಕರೆಂಟನ್ನು ತಡೆಯುತ್ತದೆ. ಬೆಳ್ಳಿ ಅದನ್ನು ಕೈಹಿಡಿದು ಕರೆದೊಯ್ಯುತ್ತದೆ.

"ಈಗ ತಾಗಿದ್ದು ನನ್ನ ಜರಿ. ತಪ್ಪು ನಂದೇ" ಎಂದಳು. ಆ ಬಾಯಿಂದ ಆ ಮಾತು ಓಣಿಯವರು ಕೇಳಿದ್ದು ಅದೇ ಮೊದಲು.

ಸೊಂಟದಿಂದ ಕತ್ತರಿ ತೆಗೆದು ಒಂದೊಂದೇ ತುದಿಯ ಜರಿ ಕತ್ತರಿಸುತ್ತ ಹೋದಳು. ಆಗ ಅವಳ ಕಣ್ಣು ತುಂಬಿತ್ತೆಂದು ತಾಯಿ ಹೇಳುತ್ತಿದ್ದಳು. ಇದರಲ್ಲಿ ಉಪ್ಪುಖಾರ ಇಲ್ಲವೆಂದೇ ನಾನು ನಂಬುತ್ತೇನೆ. ಮೂವತ್ತು ವರ್ಷ ಯಾರೆದುರೂ ಬಿಟ್ಟುಕೊಡದ ಹಟವನ್ನು ಆಕೆ ತಮ್ಮನ ಹೊಟ್ಟೆಪಾಡಿಗಾಗಿ ನಡುಬೀದಿಯಲ್ಲಿ ಬಿಟ್ಟುಕೊಡುತ್ತಿದ್ದಳು.

ವಜೀರ ಮತ್ತೆ ಬ್ಯಾಟರಿಗೆ ತಂತಿ ಸಿಕ್ಕಿಸಿದ. ಸದ್ದಿಲ್ಲ. ಗುಂಡಿ ಒತ್ತಿದ, ಹಾರ್ನು ಕೂಗಿತು. ಕೈ ತೆಗೆದ, ಸುಮ್ಮನಾಯಿತು. ಹ್ಯಾಂಡಲ್ ತಿರುಗಿಸಿದ, ಇಂಜಿನ್ನು ಕೆಮ್ಮಿ ಎದ್ದಿತು.

ಸಾವ್ಕಾರರು ಹಿಂದಿನ ಸೀಟಿನಲ್ಲಿ ಕೂತು ಧೋತರ ಸರಿಪಡಿಸಿಕೊಂಡರು.

"ನಡಿ ವಜೀರ, ಹುಮನಾಬಾದಕ್ಕ. ನಾಳೆ ಮುಂಜಾನೆನೂ ಲಗೂ ಬಾ."

ಕಾರು ಹೊರಡುವ ಮೊದಲೇ ಕುಲ್ಸುಮ್ ಬೀ ಮುಂದಿನ ಬಾಗಿಲು ತೆಗೆದು ತಮ್ಮನ ಪಕ್ಕ ಕೂತುಬಿಟ್ಟಳು. ಕಾರು ಹತ್ತಿದ್ದು ಜನ್ಮದಲ್ಲಿ ಅದೇ ಮೊದಲು.

"ನೀವ್ಯಾಕ್ರಿ?" ಎಂದರು ಸಾವ್ಕಾರರು.

"ದಾರ್ಯಾಗ ಹೊಗಿ ಬಂದ್ರ ನೋಡಾಕ ಯಾರರ ಬೇಕಲ್ರಿ."

ಅವರು ನಕ್ಕುಬಿಟ್ಟರು. ವಜೀರನಿಗೆ ಮಾತ್ರ ಕಣ್ಣು ಮಂಜಾಗಿ ಗಾಜಿನಾಚೆ ಏನೂ ಕಾಣದು. ಕುಲ್ಸುಮ್ ಬೀ ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿ ಗದರಿದಳು:

"ಅಳಬ್ಯಾಡೋ ಹುಚ್ಚಾ, ದಾರಿ ನೋಡು."